ದ್ವೇಷದ ಮಾತಿಗೆ ಓದುಗನೂ ಹೊಣೆ: ಮುಂಬಯಿ ಕನ್ನಡಿಗರು ಕಂಡ ಪಾಠ

ಮುಂಬಯಿ: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಹಿರಿಯರ ಗಾದೆ. ಆದರೆ ಅಚ್ಚಾದ ಮಾತು, ಟಿವಿ ಪರದೆಯ ಮೇಲೆ ಬಂದ ಮಾತು ಹಾಗೆ ಹೋಗಿಬಿಡುವುದಿಲ್ಲ. ಹಲವು ದಶಕ ಕಳೆದರೂ ಅದು ಮತ್ತೆ ಬಾಗಿಲಿಗೆ ಬರುತ್ತದೆ.

2025ರ ಜುಲೈಯಲ್ಲಿ ಹಾಗೆಯೇ ಆಯಿತು. ಆಕಾಶವಾಣಿ ಶಾಸಕರ ಭವನದ ಕ್ಯಾಂಟೀನಿನಲ್ಲಿ ದಾಲ್ ಹಳಸಿತ್ತು ಎಂದು ಬುಲ್ಡಾಣಾದ ಶಾಸಕ ಸಂಜಯ ಗಾಯಕ್ವಾಡ್ ಅಲ್ಲಿನ ನೌಕರನಿಗೆ ಹೊಡೆದ ದೃಶ್ಯ ದೇಶದ ಎಲ್ಲ ವಾಹಿನಿಗಳಲ್ಲೂ ಬಂತು. ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಹಲ್ಲೆಯನ್ನು ಖಂಡಿಸಿದರು. ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಶೆಟ್ಟಿ ಹೆಸರಿನವರಿಗೆ ಗುತ್ತಿಗೆ ಕೊಟ್ಟದ್ದೇಕೆ, ದಕ್ಷಿಣದವರು ಡ್ಯಾನ್ಸ್ ಬಾರ್, ಲೇಡೀಸ್ ಬಾರ್ ನಡೆಸಿ ಮಹಾರಾಷ್ಟ್ರದ ಸಂಸ್ಕೃತಿ ಕೆಡಿಸಿದರು ಎಂಬರ್ಥದ ಮಾತನ್ನೂ ಶಾಸಕರು ಕ್ಯಾಮೆರಾದ ಮುಂದೆ ಆಡಿದರು. ಆ ಮಾತೂ ಮನೆಮನೆಗೆ ತಲುಪಿತು.

ಊಟ ಹಳಸಿದ್ದರೆ ಕೇಳುವುದು ಗಿರಾಕಿಯ ಹಕ್ಕು. ಅದಕ್ಕೆ ಕಾನೂನಿದೆ, ಆಹಾರ ಇಲಾಖೆ ಇದೆ. ಆದರೆ ಒಂದು ಪಾತ್ರೆಯ ದಾಲ್ ಇಡೀ ಸಮುದಾಯದ ಮೇಲಿನ ಆರೋಪವಾದದ್ದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಅರುವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹೆಸರುಗಳ ಪಟ್ಟಿ

1960ರ ಆಗಸ್ಟ್ 13ರಂದು ಬಾಳಾ ಠಾಕ್ರೆಯವರ ವ್ಯಂಗ್ಯಚಿತ್ರ ವಾರಪತ್ರಿಕೆ ‘ಮಾರ್ಮಿಕ’ ಆರಂಭವಾಯಿತು. ಬಿಡುಗಡೆ ಮಾಡಿದವರು ಆಗಿನ ಮುಖ್ಯಮಂತ್ರಿ ಯಶವಂತರಾವ್ ಚವಾಣ್. ಮರಾಠಿ ಯುವಕರ ನಿರುದ್ಯೋಗ ನಿಜವಾದ ಸಮಸ್ಯೆಯಾಗಿತ್ತು; ಅದನ್ನು ಪತ್ರಿಕೆ ಎತ್ತಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಎತ್ತಿದ ರೀತಿಯಲ್ಲಿ. ನಗರದ ಕಂಪೆನಿಗಳಲ್ಲಿ ಅಧಿಕಾರಿಗಳಾಗಿದ್ದ ದಕ್ಷಿಣ ಭಾರತೀಯರ ಹೆಸರುಗಳನ್ನು ಟೆಲಿಫೋನ್ ಡೈರೆಕ್ಟರಿಯಿಂದ ಹೆಕ್ಕಿ ಸಾಲುಸಾಲಾಗಿ ಅಚ್ಚು ಹಾಕಲಾಯಿತು. ಅದರ ತಲೆಬರಹ ‘ವಾಚಾ ಆಣಿ ಥಂಡ್ ಬಸಾ’, ಅಂದರೆ ಓದಿ, ತಣ್ಣಗೆ ಕುಳಿತಿರಿ. ಮುಂದೆ ಅದು ‘ವಾಚಾ ಆಣಿ ಉಠಾ’ ಎಂದಾಯಿತು: ಓದಿ, ಏಳಿ.

ಆ ಪಟ್ಟಿಯಲ್ಲಿ ಬೈಗುಳ ಇರಲಿಲ್ಲ, ಬರೀ ಹೆಸರುಗಳಿದ್ದವು. ಕನ್ನಡಿಗ, ತುಳುವ, ತಮಿಳ, ಮಲಯಾಳಿ ಎಂಬ ಭೇದವೂ ಇರಲಿಲ್ಲ, ಎಲ್ಲರೂ ‘ಮದ್ರಾಸಿ’ಗಳೇ. ದಕ್ಷಿಣದ ಭಾಷೆಗಳನ್ನು ‘ಯಂಡುಗುಂಡು’ ಎಂದು ಗೇಲಿ ಮಾಡಲಾಯಿತು. ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂಬ ಪ್ರಾಸ ಗಲ್ಲಿಗಲ್ಲಿಗೂ ಹಬ್ಬಿತು. ಆಗ ನಗರದ ಜನಸಂಖ್ಯೆಯಲ್ಲಿ ದಕ್ಷಿಣದವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ ಎಂಬುದನ್ನು 1961ರ ಜನಗಣತಿ ಹೇಳುತ್ತದೆ.

1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 30ರಂದು ಶಿವಾಜಿ ಪಾರ್ಕಿನಲ್ಲಿ ಅದರ ಮೊದಲ ಬೃಹತ್ ಸಭೆ ನಡೆಯಿತು. ಸಭೆ ಮುಗಿಸಿ ಹೊರಟ ಗುಂಪು ದಕ್ಷಿಣದವರ ಹೊಟೇಲುಗಳಿಗೆ ಕಲ್ಲೆಸೆಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ನೆಪದಲ್ಲಿ ಮುಂಬಯಿ ದಿನಗಟ್ಟಲೆ ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಉಡುಪಿ ಹೊಟೇಲುಗಳ ಗಾಜು, ಮೇಜು, ಗಲ್ಲಾಪೆಟ್ಟಿಗೆಗಳು ಬೀದಿಗೆ ಬಿದ್ದವು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗರಿಗೆ ಆ ಹೊಟೇಲೇ ಕೆಲಸದ ಜಾಗ, ಅದೇ ಮಲಗುವ ಜಾಗ. ಗಡಿ ಎಲ್ಲಿ ಬರಬೇಕೆಂಬ ವಿಷಯದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ನಕ್ಕವರು, ಸುಮ್ಮನಿದ್ದವರು

ಪಟ್ಟಿ ಅಚ್ಚು ಹಾಕಿದವರದ್ದು ದೊಡ್ಡ ಹೊಣೆ. ಆದರೆ ಪತ್ರಿಕೆ ಒಬ್ಬರಿಂದ ನಡೆಯುವುದಿಲ್ಲ. ಕೊಂಡವರಿದ್ದರು, ಓದಿ ನಕ್ಕವರಿದ್ದರು. ಕಾರ್ಮಿಕ ಸಂಘಟನೆಗಳಲ್ಲಿ ಕಮ್ಯುನಿಸ್ಟರ ಬಲ ಮುರಿಯಲು ಸೇನೆ ಉಪಯೋಗಕ್ಕೆ ಬಂದೀತು ಎಂದು ಅಧಿಕಾರದಲ್ಲಿದ್ದವರು ಕಣ್ಣು ಮುಚ್ಚಿಕೊಂಡರು ಎಂಬ ಆರೋಪವಿತ್ತು. ಮುಖ್ಯಮಂತ್ರಿ ವಸಂತರಾವ್ ನಾಯಕ್ ಅವರ ಹೆಸರು ಸೇರಿಸಿ ಜನ ಅದನ್ನು ‘ವಸಂತಸೇನಾ’ ಎಂದು ಕರೆದದ್ದು ಸುಮ್ಮನೆ ಅಲ್ಲ.

ಸಿನೆಮಾ ಕೂಡ ತನ್ನ ಪಾಲು ಸೇರಿಸಿತು. 1968ರ ‘ಪಡೋಸನ್’ ಚಿತ್ರದಲ್ಲಿ ಮೆಹಮೂದ್ ಮಾಡಿದ ದಕ್ಷಿಣದ ಸಂಗೀತ ಮೇಷ್ಟ್ರ ಪಾತ್ರ ಎಲ್ಲರನ್ನೂ ನಗಿಸಿತು. ಅದು ದ್ವೇಷದ ಚಿತ್ರವಲ್ಲ, ಒಳ್ಳೆಯ ಹಾಸ್ಯಚಿತ್ರ. ಆದರೆ ಜುಟ್ಟು, ನಾಮ, ‘ಅಯ್ಯಯ್ಯೋ’ ಎಂಬ ಅದೇ ಅಚ್ಚು ಚಿತ್ರದಿಂದ ಚಿತ್ರಕ್ಕೆ ಬಂದಾಗ, ಬೀದಿಯಲ್ಲಿ ಗೇಲಿ ಮಾಡುವವನಿಗೆ ಸಿದ್ಧ ಸರಕು ಸಿಕ್ಕಿದಂತಾಗುತ್ತದೆ.

ವ್ಯಂಗ್ಯಕ್ಕೆ ಮೊನೆ ಇರಲೇಬೇಕು ಎಂದು ವಾದಿಸುವವರು ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರನ್ನು ನೆನೆಯಬಹುದು. ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಅವರೂ ಠಾಕ್ರೆಯವರೂ ಸಹೋದ್ಯೋಗಿಗಳಾಗಿದ್ದರು, ಕೊನೆಯವರೆಗೂ ಸ್ನೇಹಿತರಾಗಿದ್ದರು. ಲಕ್ಷ್ಮಣ್ ಅವರ ಗೆರೆಯ ಮೊನೆ ಯಾವತ್ತೂ ಕಡಿಮೆಯಾಗಿರಲಿಲ್ಲ. ಅದು ಕುರ್ಚಿಯಲ್ಲಿ ಕುಳಿತವರನ್ನು ಚುಚ್ಚುತ್ತಿತ್ತು. ಚೌಕಳಿ ಕೋಟಿನ ಶ್ರೀಸಾಮಾನ್ಯ ಯಾವ ಭಾಷೆಯವನೆಂದು ಯಾರೂ ಕೇಳಲಿಲ್ಲ.

ಗುರಿ ಬದಲಾಯಿತು, ಅಚ್ಚು ಬದಲಾಗಲಿಲ್ಲ

ಕಾಲ ಸರಿಯಿತು. ದಕ್ಷಿಣದವರ ಮೇಲಿನ ಸಿಟ್ಟು ತಣ್ಣಗಾಯಿತು. ಅದೇ ಪಕ್ಷದಲ್ಲಿ ತುಳು-ಕನ್ನಡಿಗರೂ ಕಾರ್ಯಕರ್ತರಾದರು. ಆದರೆ ಮಾತಿನ ಅಚ್ಚು ಹಾಗೇ ಉಳಿದು ಬೇರೆಯವರ ಹೆಸರು ಹೊತ್ತಿತು. 1992ರ ಡಿಸೆಂಬರ್ ಹಾಗೂ 1993ರ ಜನವರಿಯ ಗಲಭೆಗಳಲ್ಲಿ ಸುಮಾರು 900 ಮಂದಿ ಸತ್ತರು. ಅದರ ತನಿಖೆ ನಡೆಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ 1998ರ ವರದಿಯಲ್ಲಿ ‘ಸಾಮ್ನಾ’, ‘ನವಾಕಾಳ’ ಪತ್ರಿಕೆಗಳ ಬರಹಗಳು ಜನರನ್ನು ಉದ್ರೇಕಿಸಿದವು ಎಂದು ಹೆಸರು ಹಿಡಿದು ಹೇಳಿತು. 2008ರಲ್ಲಿ ಉತ್ತರ ಭಾರತೀಯರ ಸರದಿ. ರೈಲ್ವೆ ಪರೀಕ್ಷೆ ಬರೆಯಲು ಬಂದ ಹುಡುಗರಿಗೆ ಏಟು ಬಿತ್ತು. ಈ ಸಲ ನಮ್ಮವರಲ್ಲ ಎಂದು ನಿಟ್ಟುಸಿರು ಬಿಟ್ಟವರಿಗೆ 2025ರ ಜುಲೈ ಉತ್ತರ ಕೊಟ್ಟಿದೆ.

ಮಾತು ಕೈಮೀರಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಆಫ್ರಿಕದ ರುವಾಂಡ ಸಾಕ್ಷಿ. 1994ರಲ್ಲಿ ಅಲ್ಲಿನ ಒಂದು ರೇಡಿಯೊ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆಯಿತು, ಕೊಲ್ಲಬೇಕಾದವರ ಹೆಸರು, ವಿಳಾಸಗಳನ್ನೂ ಓದಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಮಂದಿ ಹತರಾದರು. 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊದ ಇಬ್ಬರು ಸ್ಥಾಪಕರನ್ನೂ ಒಬ್ಬ ಪತ್ರಿಕಾ ಸಂಪಾದಕನನ್ನೂ ತಪ್ಪಿತಸ್ಥರೆಂದು ಘೋಷಿಸಿತು. ಮುಂಬಯಿ ರುವಾಂಡವಲ್ಲ. ಆದರೆ ಹೆಸರುಗಳ ಪಟ್ಟಿ ಓದಿ ಹೇಳುವುದು ನಿರುಪದ್ರವಿ ಕೆಲಸವಲ್ಲ ಎಂಬುದು ಎರಡೂ ಕಡೆ ಸತ್ಯ.

ಸ್ವಂತ ಅಂಗಳದಲ್ಲಿ

ಏಟು ತಿಂದವರ ಬಾಯಿ ಯಾವಾಗಲೂ ಶುದ್ಧವಾಗಿರುತ್ತದೆ ಎಂದಲ್ಲ. ತಮಿಳರನ್ನು ‘ಕೊಂಗ’ ಎನ್ನುವ ಕನ್ನಡಿಗರಿದ್ದಾರೆ. ಮರಾಠಿಗರನ್ನು ‘ಘಾಟಿ’ ಎನ್ನುವ ಮುಂಬಯಿಕರರಲ್ಲಿ ಕನ್ನಡಿಗರು ಇಲ್ಲವೆನ್ನಲಾಗದು. 1991ರ ಡಿಸೆಂಬರಿನಲ್ಲಿ ಕಾವೇರಿ ವಿವಾದ ಭುಗಿಲೆದ್ದಾಗ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳು ಉರಿದವು. 2016ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ವಿವಾದ. ಯುವಕನೊಬ್ಬನಿಗೆ ಹೊಡೆದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿಯಿತು, ಚೆನ್ನೈಯಲ್ಲಿ ಕನ್ನಡಿಗರ ಹೊಟೇಲಿನ ಮೇಲೆ ದಾಳಿಯಾಯಿತು, ಅದೇ ದಿನ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಬೂದಿಯಾದವು. 2012ರ ಆಗಸ್ಟಿನಲ್ಲಂತೂ ಬರೀ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ರೈಲು ಹತ್ತಿದರು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳಿಸದಂತೆ ಕೇಂದ್ರ ಸರಕಾರ ಕೆಲದಿನ ತಡೆ ಹಾಕಬೇಕಾಯಿತು. ವದಂತಿ ಹುಟ್ಟಿಸಿದವರು ಕೆಲವರೇ ಇರಬಹುದು. ಹಬ್ಬಿಸಿದವರು ಮಾತ್ರ ಸಾಮಾನ್ಯ ಜನ.

ಕಾನೂನಿಲ್ಲವೆಂದಲ್ಲ. ಸಮುದಾಯಗಳ ನಡುವೆ ವೈರ ಹುಟ್ಟಿಸುವುದು ಹಿಂದೆ ದಂಡಸಂಹಿತೆಯ 153-ಎ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಅದರ ಜಾಗದಲ್ಲಿದೆ. ದ್ವೇಷ ಭಾಷಣ ಕಂಡಲ್ಲಿ ದೂರಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಆದರೆ ಪೊಲೀಸರು ಬರುವುದು ಮಾತು ಹಬ್ಬಿದ ಮೇಲೆ. ಅದಕ್ಕೆ ಮೊದಲೇ ತಡೆಯುವ ಶಕ್ತಿ ಓದುಗನ ಕೈಯಲ್ಲಿದೆ, ಜಾಹೀರಾತುದಾರನ ಕೈಯಲ್ಲಿದೆ, ಸಂಘದ ಕೈಯಲ್ಲಿದೆ.

ಮಾಟುಂಗದಿಂದ ಡೊಂಬಿವಲಿಯವರೆಗೆ, ಮೀರಾರೋಡಿನಿಂದ ನವಿಮುಂಬಯಿಯವರೆಗೆ ತುಳು-ಕನ್ನಡಿಗರ ನೂರಾರು ಸಂಘ-ಸಂಸ್ಥೆಗಳಿವೆ. ಪ್ರತಿ ಸಂಘಕ್ಕೂ ಒಂದು ವಾಟ್ಸ್‌ಆ್ಯಪ್ ಬಳಗವಿದೆ, ವರ್ಷಕ್ಕೊಂದು ನಾಟಕವಿದೆ, ಸ್ಮರಣ ಸಂಚಿಕೆ ಇದೆ. ಯಾವುದೋ ಜಾತಿಯನ್ನೋ, ಭಾಷೆಯನ್ನೋ, ಧರ್ಮವನ್ನೋ ಹೀಗಳೆಯುವ ಸಂದೇಶ ಬಳಗಕ್ಕೆ ಬಿದ್ದಾಗ ‘ಇದು ಇಲ್ಲಿ ಬೇಡ’ ಎಂದು ಪದಾಧಿಕಾರಿಯೊಬ್ಬರು ಹೇಳಿದರೆ ಸಾಕು, ಹತ್ತು ಮಂದಿಗೆ ಧೈರ್ಯ ಬರುತ್ತದೆ. ನಾಟಕದ ಹಾಸ್ಯಕ್ಕೆ ಭಯ್ಯಾನ ಉಚ್ಚಾರವೇ ಬೇಕೆ ಎಂದು ತಾಲೀಮಿನಲ್ಲಿ ಕೇಳಬಹುದು. ದ್ವೇಷ ಕಕ್ಕುವ ಪತ್ರಿಕೆ, ವಾಹಿನಿಗೆ ಜಾಹೀರಾತು ಕೊಡುವುದಿಲ್ಲ ಎಂದು ಹೊಟೇಲು ಉದ್ಯಮಿಗಳು ತೀರ್ಮಾನಿಸಬಹುದು.

ಜನ್ಮಭೂಮಿಯಷ್ಟೇ ಪ್ರೀತಿಯಿಂದ ಕರ್ಮಭೂಮಿಯನ್ನು ಕಂಡವರು ಮುಂಬಯಿ ಕನ್ನಡಿಗರು. ಉಡುಪಿ ಹೊಟೇಲಿನ ಇಡ್ಲಿ ತಿಂದು ದಿನ ಆರಂಭಿಸುವ ಮರಾಠಿ ಬಂಧುಗಳು ಈ ನಗರದಲ್ಲಿ ಲಕ್ಷಗಟ್ಟಲೆ ಇದ್ದಾರೆ. 1969ರ ಬೆಂಕಿಯ ನಂತರ ಹೊಟೇಲುಗಳ ಬಾಗಿಲು ಮತ್ತೆ ತೆರೆದಾಗ ಒಳಗೆ ಬಂದು ಕುಳಿತ ಗಿರಾಕಿಗಳಲ್ಲಿ ಅವರೂ ಇದ್ದರು. ‘ಓದಿ, ತಣ್ಣಗೆ ಕುಳಿತಿರಿ’ ಎಂದು ಅಂದು ಪಟ್ಟಿಯ ತಲೆಬರಹ ಕೆಣಕಿತ್ತು. ಆ ಪಟ್ಟಿಯಲ್ಲಿ ಹೆಸರಿದ್ದವರ ಮಕ್ಕಳು, ಮೊಮ್ಮಕ್ಕಳು ಇಂದು ಇನ್ನೊಬ್ಬರ ಹೆಸರಿನ ಪಟ್ಟಿ ಓದಿ ಸುಮ್ಮನೆ ಕೂರಲೂ ಬಾರದು, ಮುಂದಕ್ಕೆ ಕಳಿಸಲೂ ಬಾರದು.