ಒಬ್ಬ ವಿದುಷಿಯ ಕಾಗದಪತ್ರಗಳು

ವಿಜ್ಞಾನಿಗೆ ಪ್ರಯೋಗಶಾಲೆಯೇ ಪ್ರಪಂಚವೆಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿಯೂ ಬೇರೂರಿದೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿರುವ ಶ್ರೀಮತಿ ಡೊರೊತಿ ಹಾಜ್ಕಿನ್ನರ (೧೯೧೦–೧೯೯೪) ಕಾಗದಪತ್ರಗಳು ಈ ಭ್ರಮೆಯನ್ನು ಹೋಗಲಾಡಿಸತಕ್ಕವು.

ಸ್ಫಟಿಕಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಅಣುಗಳ ರಚನೆಯನ್ನು ಅರಿಯುವುದು ಆಕೆಯ ಶಾಸ್ತ್ರ. ಪೆನಿಸಿಲಿನ್, ಬಿ೧೨ ಜೀವಸತ್ವ ಮೊದಲಾದವುಗಳ ರಚನೆಯನ್ನು ನಿರ್ಣಯಿಸಿದ್ದಕ್ಕಾಗಿ ೧೯೬೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಆ ಕಡತಗಳಲ್ಲಿ ಶಾಸ್ತ್ರವಿಷಯದೊಡನೆ ಲೋಕಶಾಂತಿಯ ಪತ್ರವ್ಯವಹಾರವೂ ಉಂಟು. ಪರಮಾಣು ಅಸ್ತ್ರಗಳ ನಿಗ್ರಹಕ್ಕಾಗಿ ದುಡಿಯುವ ಪಗ್‌ವಾಷ್ ಸಂಸ್ಥೆಗೆ ಅವರು ೧೯೭೬ರಿಂದ ೧೯೮೮ರವರೆಗೆ ಅಧ್ಯಕ್ಷಿಣಿಯಾಗಿದ್ದರು. ೧೯೨೮ರಲ್ಲಿ ಜೋರ್ಡಾನಿನ ಜೆರಾಷ್ ಉತ್ಖನನದಲ್ಲಿ ಪ್ರಾಚೀನ ಇಗರ್ಜಿಗಳ ನೆಲದ ಚಿತ್ತಾರಗಳನ್ನು ಬರೆದುಕೊಂಡ ಕೈಯೇ ಮುಂದೆ ಅಣುವಿನ ವಿನ್ಯಾಸವನ್ನೂ ಬರೆಯಿತು.

೧೯೩೪ರಲ್ಲಿ ಅವರ ಕೈಸೇರಿದ ಇನ್ಸುಲಿನ್ ಸ್ಫಟಿಕದ ರಚನೆಯು ತಿಳಿದುಬಂದದ್ದು ೧೯೬೯ರಲ್ಲಿ. ಮುದ್ರಿತ ಪ್ರಬಂಧವು ಸಿದ್ಧಿಯನ್ನು ಮಾತ್ರ ಹೇಳುತ್ತದೆ. ಮೂವತ್ತೈದು ವರ್ಷಗಳ ಸಾಧನೆಯ ದಾರಿಯನ್ನು ತೋರಿಸಬಲ್ಲವು ಟಿಪ್ಪಣಿಗಳು, ಓಲೆಗಳು. ಆ ತಂಡದಲ್ಲಿದ್ದ ಎಂ. ವಿಜಯನ್ನರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಶಾಸ್ತ್ರವನ್ನು ಬೆಳೆಸಿದರು.

ನಮ್ಮಲ್ಲಿಯಾದರೋ, ವಿದ್ವಾಂಸರು ತೀರಿಕೊಂಡ ಮೇಲೆ ಅವರ ಕಾಗದಗಳು ಗೆದ್ದಲಿಗೋ ರದ್ದಿಯವನಿಗೋ ಸಲ್ಲುವುದುಂಟು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ೨೦೧೯ರಲ್ಲಿ ಇಂತಹ ಪತ್ರಾಗಾರವೊಂದನ್ನು ತೆರೆದಿರುವುದು ಶ್ಲಾಘನೀಯ. ಆದರೆ ಒಂದೂರಿನ ಆಗಾರದಿಂದ ಇಷ್ಟು ದೊಡ್ಡ ದೇಶದ ಕೆಲಸವು ತೀರದು. ಪ್ರತಿಯೊಂದು ವಿಶ್ವವಿದ್ಯಾನಿಲಯವೂ ಇದಕ್ಕೊಂದು ಕೊಠಡಿಯನ್ನೂ ಒಬ್ಬ ಪಾಲಕನನ್ನೂ ಒದಗಿಸಲಿ. ಮನೆಯವರು ಹಳೆಯ ಪೆಟ್ಟಿಗೆಯನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ತೆರೆದು ನೋಡಲೆಂದು ನಾವು ಬಿನ್ನವಿಸುತ್ತೇವೆ.