ಅಟ್ಟದ ಮೇಲಿನ ಇತಿಹಾಸ ಗುಜರಿಗೆ ಸೇರುವ ಮುನ್ನ

ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿರುವ ಮೂರು ಪಟ್ಟಣಗಳು. ಎರೆಭೂಮಿಯ ನಡುವಿನ ಈ ಹಾದಿಯನ್ನು ಒಂದೇ ದಿನದಲ್ಲಿ ನಿಧಾನವಾಗಿ ಕ್ರಮಿಸಬಹುದು. ಪ್ರವಾಸಿಗರು ಸಾಮಾನ್ಯವಾಗಿ ಕೋಟೆ, ದೇಗುಲಗಳನ್ನು ನೋಡಿ ಮರಳುತ್ತಾರೆ. ಹಳೆಯ ವಸ್ತುಗಳ ಆಸಕ್ತರಿಗೆ ಇಲ್ಲಿನ ಮನೆಗಳ ಅಟ್ಟ ಮತ್ತು ಗುಜರಿ ಅಂಗಡಿಗಳೂ ನೋಡತಕ್ಕ ತಾಣಗಳೇ.

ಫ್ರಾನ್ಸಿನ ಹಳ್ಳಿಗಳಲ್ಲಿ ‘ವಿದ್ ಗ್ರೆನಿಯೆ’, ಅಂದರೆ ‘ಅಟ್ಟ ಬರಿದುಮಾಡುವುದು’ ಎಂಬ ಹೆಸರಿನ ಸಂತೆಗಳು ನಡೆಯುತ್ತವೆ. ಮನೆಯವರೇ ಹಳೆಯ ಸಾಮಾನುಗಳನ್ನು ಬೀದಿಯಲ್ಲಿಟ್ಟು ಮಾರುವುದರಿಂದ ವಸ್ತುವಿನೊಂದಿಗೆ ಅದರ ಕಥೆಯೂ ದೊರೆಯುತ್ತದೆ. ನಮ್ಮಲ್ಲಿ ಅಟ್ಟ ಬರಿದಾಗುವ ಬಗೆ ಬೇರೆ. ತಾಮ್ರದ ಹಂಡೆ, ಹಿತ್ತಾಳೆಯ ಕೊಡ ತೂಕದ ಲೆಕ್ಕದಲ್ಲಿ ಗುಜರಿಗೆ ಸೇರಿ ಕರಗುತ್ತವೆ. ಹಳೆಯ ಸೀರೆಗಳು ಸ್ಟೀಲ್ ಪಾತ್ರೆಗೆ ವಿನಿಮಯವಾಗುತ್ತವೆ. ತೂಕಕ್ಕೆ ಬೆಲೆ ಸಿಗುತ್ತದೆ, ನೆನಪಿಗಲ್ಲ.

ಏನನ್ನು ಗಮನಿಸಬೇಕು?

ಪಾತ್ರೆಯ ಕಂಠದ ಮೇಲೆ ಕೆತ್ತಿದ ಹೆಸರನ್ನು ಮೊದಲು ಓದಬೇಕು. ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು, ಕೆಲವೊಮ್ಮೆ ಊರು, ಇಸವಿಯೂ ಅಲ್ಲಿರುತ್ತವೆ. ಒಳಗಿನ ಕಲಾಯಿ ಸವೆದಿದ್ದರೆ ಹುಳಿ ಪದಾರ್ಥಕ್ಕೆ ಆ ಪಾತ್ರೆ ಸಲ್ಲದು. ಮತ್ತೆ ಕಲಾಯಿ ಹಾಕಿಸಬೇಕು. ಸೇರು, ಚಟಾಕುಗಳ ಅಳತೆಪಾತ್ರೆಗಳು 1956ರ ಅಳತೆ ಮತ್ತು ತೂಕಗಳ ಕಾಯ್ದೆಯ ನಂತರ ಹಂತಹಂತವಾಗಿ ವ್ಯಾಪಾರದಿಂದ ಸರಿದವು. ಹಳೆಯ ಸೀರೆಗಳ ತುಂಡುಗಳನ್ನು ಪದರಪದರವಾಗಿ ಹೊಲಿದ ಕೌದಿಯಲ್ಲಿ ಒಂದು ಮನೆಯ ಹಲವು ವರ್ಷಗಳ ಬಟ್ಟೆಗಳು ಒಟ್ಟಿಗೆ ಉಳಿದಿರುತ್ತವೆ.

ನರಗುಂದದಿಂದ ಸೂಡಿಯವರೆಗೆ

1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಗಲ್ಲಿಗೇರಿದ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹ ಹೊಂದಿದ್ದರು. ಅಂತಹ ನೆಲದಲ್ಲಿ ಟ್ರಂಕಿನ ತಳದ ಹಾಳೆಗಳನ್ನು ಓದದೆ ರದ್ದಿಗೆ ಹಾಕುವುದು ಸಲ್ಲದು. ರೋಣ 1922ರಲ್ಲಿ ಪಂಡಿತ ಭೀಮಸೇನ ಜೋಶಿಯವರು ಜನಿಸಿದ ಊರು. ಬಾಲಕನಾಗಿದ್ದಾಗ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯನ್ನು ಕೇಳಿದ್ದೇ 1933ರಲ್ಲಿ ಗುರುವನ್ನರಸಿ ಅವರು ಮನೆ ಬಿಡಲು ಪ್ರೇರಣೆಯಾಯಿತು. ಒಂದು ತಟ್ಟೆಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮುಂದೆ ಗಜೇಂದ್ರಗಡದ ಹಾದಿಯಲ್ಲಿ ಸಿಗುವ ಸೂಡಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಊರು. ಇಲ್ಲಿ ಆಸೆಗೆ ಕಡಿವಾಣ ಅಗತ್ಯ. ನೆಲದಲ್ಲಿ ದೊರೆತ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ 1962ರಂತೆ ಕಡ್ಡಾಯ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ, ಕಲಾವಸ್ತುಗಳು ಪ್ರಾಚ್ಯವಸ್ತುಗಳು. ಐತಿಹಾಸಿಕ, ಸಾಹಿತ್ಯಕ ಮೌಲ್ಯದ ಹಸ್ತಪ್ರತಿಗಳಿಗೆ 75 ವರ್ಷವೇ ಸಾಕು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಮರಳಿ ಬಂದ ಸೀರೆ

ಹಳೆಯದನ್ನು ಉಳಿಸಿದರೆ ಆಗುವ ಲಾಭಕ್ಕೆ ಗಜೇಂದ್ರಗಡವೇ ಸಾಕ್ಷಿ. ಈ ಭಾಗದ ‘ಪಟ್ಟೇದ ಅಂಚು’ ಎಂಬ ಹತ್ತಿ ಸೀರೆ, ಚೌಕುಳಿ ಒಡಲು ಮತ್ತು ಅಗಲವಾದ ಅಂಚಿನಿಂದ ಗುರುತಾಗುತ್ತದೆ. ಸವದತ್ತಿ ಯಲ್ಲಮ್ಮನಿಗೆ ಅರ್ಪಿಸುತ್ತಿದ್ದ ಈ ಸೀರೆಯ ನೇಯ್ಗೆ ಬಹುಮಟ್ಟಿಗೆ ಮರೆಯಾಗಿತ್ತು. ಉಳಿದಿದ್ದ ಹಳೆಯ ಸೀರೆಯನ್ನೇ ಮಾದರಿಯಾಗಿಟ್ಟುಕೊಂಡು ವಸ್ತ್ರ ವಿನ್ಯಾಸಕಿ ಹೇಮಲತಾ ಜೈನ್ ಅವರು ನೇಕಾರರೊಂದಿಗೆ ಅದನ್ನು ಮತ್ತೆ ಮಗ್ಗಕ್ಕೆ ತಂದರು. ಆ ಸೀರೆಯೂ ಪಾತ್ರೆಗೆ ವಿನಿಮಯವಾಗಿದ್ದರೆ ನೇಯ್ಗೆಯ ಲೆಕ್ಕವೇ ಕೈತಪ್ಪುತ್ತಿತ್ತು.

ಆದ್ದರಿಂದ ಕೊಳ್ಳುವವರು ಬೆಲೆಯ ಜೊತೆಗೆ ಮೂರು ಪ್ರಶ್ನೆ ಕೇಳುವುದೊಳಿತು: ಇದು ಯಾರದು, ಯಾವುದಕ್ಕೆ ಬಳಸುತ್ತಿದ್ದರು, ಮನೆಗೆ ಹೇಗೆ ಬಂತು? ಉತ್ತರವನ್ನು ಬರೆದು ವಸ್ತುವಿನೊಂದಿಗೇ ಇಡಬೇಕು. ಹೇಳುತ್ತ ಹೇಳುತ್ತ ಮನೆಯವರು ಮಾರುವ ಮನಸ್ಸನ್ನೇ ಬದಲಿಸಿದರೆ ಬೇಸರಪಡಬೇಕಿಲ್ಲ. ವಸ್ತು ಉಳಿಯಲು ಅದಕ್ಕಿಂತ ಸೂಕ್ತ ಸ್ಥಳ ಬೇರೊಂದಿಲ್ಲ.