ಏತದ ಲೆಕ್ಕದಲ್ಲಿ ಒಂದು ಗ್ರಾಮಫೋನ್ ತೋಳು



ಈ ಪುಟದಲ್ಲಿ ಕೊಳೆರೋಗ, ಬೋರ್ಡೋ ದ್ರಾವಣ, ಕಾಫಿಯ ಕಾಂಡಕೊರಕ, ಸಾಲದ ಕಂತಿನ ಕೊನೆಯ ದಿನಾಂಕ, ಇಂಥ ಸಂಗತಿಗಳೇ ಬರುವುದು ವಾಡಿಕೆ. ಈ ಸಲ ಗ್ರಾಮಫೋನಿನ ವಿಷಯ ಬರೆಯ ಹೊರಟಿದ್ದೇವೆ. "ಕಾರ್ಯದರ್ಶಿಗಳಿಗೆ ಕೆಲಸ ಕಡಿಮೆಯಾದ ಹಾಗಿದೆ" ಎಂದು ಕೆಲವರಾದರೂ ಹೇಳದೆ ಇರಲಾರರು. ಹೇಳಲಿ. ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ, ಖಾಲಿ ಗೋಣಿಚೀಲಗಳ ಹಿಂದೆ, ಒಂದು ರೆಕಾರ್ಡ್ ಪ್ಲೇಯರೂ ಹತ್ತಿಪ್ಪತ್ತು ಪ್ಲೇಟುಗಳೂ ಧೂಳು ತಿನ್ನುತ್ತ ಬಿದ್ದಿರುವುದನ್ನು ನಾವು ಬಲ್ಲೆವು. ಅವನ್ನು ಕೆಳಗಿಳಿಸಿ "ಒಮ್ಮೆ ಹಾಕಿ ನೋಡೋಣ" ಎಂದು ಹೊರಡುವವರು ಹಾಕುವ ಮೊದಲು ಇದನ್ನು ಓದಲಿ ಎಂಬುದಷ್ಟೇ ನಮ್ಮ ಆಸೆ. ನಾವು ಮೊದಲು ಹಾಕಿ ಆಮೇಲೆ ಕಲಿತವರು.

ಹಿಂದೊಮ್ಮೆ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋದಾಗ ಯಲಹಂಕದಲ್ಲಿ ಅಕ್ಕನ ಮನೆಯಲ್ಲಿ ಉಳಿದಿದ್ದೆವು. ನಮ್ಮ ತಾಯಿಯವರು ಈಗ ಅಲ್ಲಿಯೇ ಇದ್ದಾರೆ. ವಯಸ್ಸು 84. ಊರಿನಿಂದ ಹೊರಡುವಾಗ, ಅವರಿಗೆ ಸಂತೋಷವಾದೀತೆಂದು, ಅಟ್ಟದಿಂದ ಒಂದು ಎಲ್.ಪಿ. ರೆಕಾರ್ಡನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆವು. ಮಲ್ಲಿಕಾರ್ಜುನ ಮನ್ಸೂರರದು. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದ ಕಾಲದಲ್ಲಿ, ಯಾವುದೋ ವರ್ಷದ ಕೊನೆಯ ಕಂತು ಕೈಗೆ ಬಂದಾಗ ತಂದೆಯವರು ಕೊಂಡದ್ದು. ಕವರಿನ ಹಿಂಬದಿಯಲ್ಲಿ ಅವರ ಕೈಬರಹದಲ್ಲಿ ಬೆಲೆ ಇದೆ. ತಂದೆಯವರು ಹೋಗಿ ಹಲವು ವರ್ಷಗಳಾದವು. ಸಂಜೆ ದೀಪ ಹಚ್ಚಿದ ಮೇಲೆ ಅವರು ಅದನ್ನು ಹಾಕುತ್ತಿದ್ದುದು, ತಾಯಿಯವರು ಅಡಿಗೆಮನೆಯಿಂದಲೇ ಕೇಳುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ.

ಭಾವನವರ ಬಳಿ ಹಳೆಯ ಪ್ಲೇಯರೊಂದಿತ್ತು. ಹಾಕಿದೆವು. ಐದು ನಿಮಿಷ ಕೇಳಿದ ತಾಯಿಯವರು, "ನಿಲ್ಲಿಸಪ್ಪ, ಪಾಪ, ಅವರಿಗೆ ಗಂಟಲು ಕಟ್ಟಿದೆ" ಎಂದುಬಿಟ್ಟರು.

ಭಾವನವರು ಜಾಲಹಳ್ಳಿಯ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದ ಆ ಕಾರ್ಖಾನೆಯ ಗಡಿಯಾರ ಕಟ್ಟದ ಕೈ ನಮ್ಮ ಕಡೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನವಾಯಿತು. ಈಗ ಜಾಲಹಳ್ಳಿಯಲ್ಲಿರುವುದು ಆ ಗಡಿಯಾರಗಳ ವಸ್ತುಸಂಗ್ರಹಾಲಯ. ಭಾವನವರ ಕಣ್ಣಿನ ಭೂತಗಾಜು ಮಾತ್ರ ನಿವೃತ್ತಿಯಾಗಿಲ್ಲ. ಅದನ್ನು ಕಣ್ಣಿಗೇರಿಸಿ ಪ್ಲೇಯರಿನ ಮುಳ್ಳನ್ನು ನೋಡಿದವರೇ, "ಗಂಟಲು ಹಾಡಿದವರದಲ್ಲ ಮಾರಾಯ್ರೆ, ನಮ್ಮ ಮುಳ್ಳಿನದು. ಇದು ಸವೆದು ಉಳಿಯ ಹಾಗಾಗಿದೆ" ಎಂದರು. ತೋಳು ಪ್ಲೇಟಿನ ಮೇಲೆ ಎಷ್ಟು ಭಾರ ಹಾಕುತ್ತದೆಂದು ತೂಗಿದರೆ 7 ಗ್ರಾಂ. ತೋಳಿನ ಬುಡದ ಬೇರಿಂಗು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಅಂದರೆ ಮುಳ್ಳು ಪ್ಲೇಟಿನ ಸಾಲಿನಲ್ಲಿ ಓಡುತ್ತಿರಲಿಲ್ಲ, ಸಾಲನ್ನು ಉಳುತ್ತಿತ್ತು. ಹಾಕಿದ ಆ ಐದು ನಿಮಿಷದಲ್ಲಿ ನಾವೂ ಸ್ವಲ್ಪ ಉತ್ತಿದ್ದೆವು.

ಮೋಟಾರು, ತಿರುಗುವ ತಟ್ಟೆ ಎರಡೂ ಗಟ್ಟಿಯಾಗಿದ್ದವು. ತೋಳನ್ನು ಮಾತ್ರ ತೆಗೆದೆಸೆದು ಹೊಸತನ್ನು ಮನೆಯಲ್ಲೇ ಮಾಡುವುದೆಂದು ಭಾವನವರು ಹಟ ಹಿಡಿದರು. ಹೊಸ ಪ್ಲೇಯರು ಅಂಗಡಿಯಲ್ಲಿ ಸಿಗುತ್ತದಲ್ಲ ಎಂದೆವು. "ಗಡಿಯಾರವೂ ಸಿಗುತ್ತದೆ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಟೋನ್ ಆರ್ಮ್ ಎಂಬ ಈ ತೋಳು ಏನೋ ದೊಡ್ಡ ವಿಜ್ಞಾನವೆಂದು ತಿಳಿದಿದ್ದೆವು. ಮಾಡಲು ಕುಳಿತಾಗ ತಿಳಿಯಿತು, ಇದು ನಮ್ಮ ಏತವೇ. ಬಾವಿಯ ಏತದಲ್ಲಿ ಒಂದು ತುದಿಗೆ ನೀರಿನ ಕೊಡ, ಇನ್ನೊಂದು ತುದಿಗೆ ಕಟ್ಟಿದ ಕಲ್ಲು, ನಡುವೆ ಕವೆಗಂಬ. ಇಲ್ಲಿ ಕೊಡದ ಜಾಗದಲ್ಲಿ ಮುಳ್ಳನ್ನು ಹಿಡಿದ ಕಾರ್ಟ್ರಿಜ್, ಕಲ್ಲಿನ ಜಾಗದಲ್ಲಿ ಒಂದು ಹಿತ್ತಾಳೆ ಬಿಲ್ಲೆ. ಕಲ್ಲು ಕೊಡಕ್ಕಿಂತ ಕೂದಲೆಳೆಯಷ್ಟು ಹಗುರಾಗಬೇಕು, ಹಾಗಾದಾಗ ಮುಳ್ಳು ಎರಡು ಗ್ರಾಂ ಭಾರದಲ್ಲಿ ಪ್ಲೇಟಿನ ಮೇಲೆ ಕೂರುತ್ತದೆ. ವ್ಯತ್ಯಾಸವೆಂದರೆ ಈ ಏತ ಮೇಲೆ ಕೆಳಗೆ ಮಾತ್ರವಲ್ಲ, ತೋಟದ ಗೇಟಿನ ಹಾಗೆ ಅಡ್ಡಕ್ಕೂ ತಿರುಗಬೇಕು, ಅದೂ ತಡೆಯಿಲ್ಲದೆ.

ತೋಳಿಗೆ ಮರವನ್ನು ಒದಗಿಸುವ ಹೊಣೆ ನಮ್ಮದಾಯಿತು. ಬೆಳೆಗಾರರ ಅಭಿಮಾನದಿಂದ ಊರಿನಿಂದ ಹಳೆಯ ಅಡಿಕೆ ದಬ್ಬೆಯ ತುಂಡನ್ನು ಒಯ್ದೆವು. ಮೂವತ್ತು ವರ್ಷ ಮಾಡಿನಲ್ಲಿದ್ದು ಕಬ್ಬಿಣದಂತಾದ ದಬ್ಬೆ. ಭಾವನವರು ಕೀಸಿ ಕೀಸಿ, ಬೆರಳಿಗೆ ಸಿಬಿರು ಚುಚ್ಚಿಸಿಕೊಂಡು ಒಂದು ತೋಳು ಮಾಡಿದರು. ನೋಡಲು ಬಹಳ ಚೆಂದ. ಆದರೆ ಮಳೆಗಾಲದ ತೇವಕ್ಕೆ ಸ್ವಲ್ಪ ಬಾಗಿದ್ದ ಪ್ಲೇಟಿನ ಮೇಲೆ ಇಟ್ಟರೆ, ಉಬ್ಬು ಬಂದಲ್ಲೆಲ್ಲ ತೋಳು ಎದ್ದು ಹಾರುತ್ತಿತ್ತು. ಭಾರ ಹೆಚ್ಚಾಗಿತ್ತು. ಆ ತೋಳು ಈಗ ಅಕ್ಕನ ಮನೆಯ ಕಿಟಕಿಗೆ ಅಗುಳಿಯಾಗಿದೆ.

ಎರಡನೆಯದು ಬಿದಿರಿನದು. ಒಣಗಿದ ಸಣ್ಣ ಬಿದಿರು, ಒಳಗೆ ಟೊಳ್ಳು, ತೂಕ 9 ಗ್ರಾಂ. ಕಾರ್ಟ್ರಿಜ್ ಕೂರಿಸುವ ತಲೆಯ ಭಾಗಕ್ಕೆ ಮಾತ್ರ ಕಾಫಿ ಗಿಡದ ಕಟ್ಟಿಗೆ. ಬುಡಕತ್ತರಿಸಿದ ರೊಬಸ್ಟಾದ ಒಂದು ತುಂಡು ನಮ್ಮ ಚೀಲದಲ್ಲಿತ್ತು. ಹೀಗೆ ಕಾಫಿಯ ಮಾನ ಉಳಿಯಿತು, ಅಡಿಕೆಯದು ಅಗುಳಿಗೆ ಹೋಯಿತು.

ಹಿಂಬದಿಯ ತೂಕದಲ್ಲಿ ನಾವು ಇನ್ನೊಂದು ಪಾಠ ಕಲಿತೆವು. ಮೊದಲು 50 ಗ್ರಾಮಿನ ಬಿಲ್ಲೆಯನ್ನು ತಿರುಗುವ ಬಿಂದುವಿನಿಂದ 6 ಸೆಂಟಿಮೀಟರ್ ಹಿಂದೆ ಕೂರಿಸಿದ್ದರು. ತೂಕವೇನೋ ಸರಿಹೋಯಿತು. ಆದರೂ ಬಾಗಿದ ಪ್ಲೇಟಿನ ಮೇಲೆ ತೋಳು ಆಲಸಿಯಂತೆ ಏಳುತ್ತ ಬೀಳುತ್ತ ಇತ್ತು. ಭಾವನವರು ಕಾಗದದಲ್ಲಿ ಲೆಕ್ಕ ಹಾಕಿದರು. 50 ಗ್ರಾಂ 6 ಸೆಂಟಿಮೀಟರಿನಲ್ಲಿದ್ದರೂ 100 ಗ್ರಾಂ 3 ಸೆಂಟಿಮೀಟರಿನಲ್ಲಿದ್ದರೂ ಗುಣಿಸಿದರೆ ಬರುವುದು 300. ನಿಂತ ತಕ್ಕಡಿಗೆ ಎರಡೂ ಒಂದೇ. ಆದರೆ ಅಲುಗಾಡುವ ತೋಳಿಗೆ ದೂರವನ್ನು ಎರಡು ಸಲ ಗುಣಿಸಬೇಕು. ಮೊದಲನೆಯದು 1800, ಎರಡನೆಯದು 900. ಹೆಚ್ಚು ತೂಕ ಹತ್ತಿರದಲ್ಲಿದ್ದರೆ ಅಲುಗಿಸುವ ಶ್ರಮ ಅರ್ಧ! ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಮೂರು ಸೆಂಟಿಮೀಟರ್ ಅಗಲದ ಹಿತ್ತಾಳೆ ಬಿಲ್ಲೆಯನ್ನು ಕಡೆಸಿದೆವು. ತೂತನ್ನು ನಡುವೆ ಕೊರೆಯದೆ ಮೇಲಕ್ಕೆ ಕೊರೆಯಿರಿ ಎಂದಾಗ ಲೇತಿನವರು ನಮ್ಮನ್ನು ಸಂಶಯದಿಂದ ನೋಡಿದರು. ಭಾರ ಕೆಳಗೆ ಜೋತುಬಿದ್ದರೆ ತೋಳು ಪಕ್ಕಕ್ಕೆ ಮಗುಚುವುದಿಲ್ಲ, ಅದಕ್ಕೆ.

ತೋಳು ತಿರುಗುವುದು ಒಂದೇ ಉಕ್ಕಿನ ಮೊನೆಯ ಮೇಲೆ. ಆ ಮೊನೆ ಕೂರಲು ಗಡಿಯಾರದ ಕೆಂಪು ಕಲ್ಲನ್ನೇ ಹಾಕಬಹುದಲ್ಲ ಎಂದೆವು. ಮದುವೆಯಲ್ಲಿ ಮಾವನವರು ಕೊಟ್ಟ ಎಚ್.ಎಂ.ಟಿ.ಯ ಮುಖದ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುವುದನ್ನು ಓದಿ ಗೊತ್ತಿತ್ತು. ಭಾವನವರು ನಕ್ಕರು. ಆ ಕಲ್ಲಿನ ತೂತು ಕೂದಲಿನಷ್ಟು, ಈ ಭಾರ ತಡೆಯದು. ಅವರು ಯಶವಂತಪುರದ ಗುಜರಿ ಅಂಗಡಿಯಿಂದ ಹಳೆಯ ಕರೆಂಟು ಮೀಟರೊಂದನ್ನು ತಂದರು. ಚಕ್ರ ತಿರುಗುವ ಹಳೆಯ ಮೀಟರುಗಳಲ್ಲಿ ಚಕ್ರದ ಬುಡಕ್ಕೆ ಬಟ್ಟಲಿನಂತೆ ತಗ್ಗಾದ ನೀಲಮಣಿಯ ಸಣ್ಣ ಕಲ್ಲಿರುತ್ತದೆ. ನಮ್ಮ ಮೊನೆ ಕೂತದ್ದು ಅದರಲ್ಲಿ. ಊದಿದರೆ ತೋಳು ತಿರುಗುತ್ತಿತ್ತು.

ಇನ್ನು ಜಾಗದ ಲೆಕ್ಕ. ಕಾರ್ಖಾನೆಯಲ್ಲಿ ಮೂಲ ಪ್ಲೇಟಿನ ಸಾಲು ಕೊರೆಯುವ ಯಂತ್ರದ ಮೊನೆ ಅಂಚಿನಿಂದ ನಡುವಿನವರೆಗೆ ನೇರವಾಗಿ ಸರಿಯುತ್ತದೆ. ನಮ್ಮ ತೋಳಾದರೋ ಗೇಟಿನಂತೆ ಕಮಾನಿನಲ್ಲಿ ತಿರುಗುತ್ತದೆ. ಆದ್ದರಿಂದ ಮುಳ್ಳು ಸಾಲಿಗೆ ಓರೆಯಾಗುತ್ತದೆ. ಇದಕ್ಕೆ ಉಪಾಯವನ್ನು 1924ರಲ್ಲೇ ಇಂಗ್ಲೆಂಡಿನ ಪರ್ಸಿ ವಿಲ್ಸನ್ ಬರೆದರು, 1938ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲೆಕ್ಕವನ್ನು ಪಕ್ಕಾ ಮಾಡಿದರು. ತೋಳಿನ ತಲೆಯನ್ನು ಒಳಕ್ಕೆ ಬಗ್ಗಿಸಬೇಕು, ಮುಳ್ಳು ತಟ್ಟೆಯ ನಡುಗೂಟವನ್ನು ದಾಟಿ ಸ್ವಲ್ಪ ಮುಂದಕ್ಕೆ ಬರಬೇಕು. ನಮ್ಮ ಅಳತೆ ಹೀಗೆ: ತಿರುಗುವ ಮೊನೆಯಿಂದ ಮುಳ್ಳಿಗೆ 230 ಮಿಲಿಮೀಟರ್, ಅದೇ ಮೊನೆಯಿಂದ ತಟ್ಟೆಯ ನಡುಗೂಟಕ್ಕೆ 212, ಮುಂಚಾಚು 18, ತಲೆಯ ಬಾಗು 24 ಡಿಗ್ರಿ. ಹೀಗಿಟ್ಟರೆ ನಡುವಿನಿಂದ 66 ಮತ್ತು 121 ಮಿಲಿಮೀಟರ್ ದೂರದಲ್ಲಿ ಮುಳ್ಳು ಸಾಲಿಗೆ ಪೂರ್ತಿ ನೇರ, ಹೊರ ಅಂಚಿನಲ್ಲೂ ಓರೆ ಎರಡು ಡಿಗ್ರಿಯೊಳಗೆ. ಮಾಡುವವರು ಈ ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ. ಒಂದು ಮಿಲಿಮೀಟರ್ ತಪ್ಪಿದರೂ ಪ್ಲೇಟಿನ ಕೊನೆಯ ಭಾಗದಲ್ಲಿ ಕಿವಿಗೆ ಗೊತ್ತಾಗುತ್ತದೆ.

ತಲೆ ಬಾಗಿದ್ದರಿಂದ ಇನ್ನೊಂದು ತಾಪತ್ರಯ. ತಿರುಗುವ ಪ್ಲೇಟು ತೋಳನ್ನು ಸದಾ ಒಳಕ್ಕೆ ಎಳೆಯುತ್ತದೆ, ಸಾಲಿನ ಒಳಗೋಡೆ ಹೆಚ್ಚು ಸವೆಯುತ್ತದೆ. ಅದಕ್ಕೆ ಮೀನಿನ ಗಾಳದ ನೂಲಿಗೆ ಒಂದು ಪುಟ್ಟ ನಟ್ಟು ಕಟ್ಟಿ ಹೊರಕ್ಕೆ ಮೆಲ್ಲಗೆ ಎಳೆಯುವಂತೆ ತೂಗುಬಿಟ್ಟರು. ಮುಳ್ಳಿನ ಭಾರದ ಹತ್ತರಲ್ಲೊಂದು ಪಾಲು ಸಾಕು. ತಂತಿಗಳು ಮಾತ್ರ ನಮ್ಮನ್ನು ಎರಡು ದಿನ ಕಾಡಿದವು. ಕಾರ್ಟ್ರಿಜ್‌ನಿಂದ ಬರುವ ನಾಲ್ಕು ತಂತಿ ಸ್ವಲ್ಪ ಗಡುಸಾದರೂ ತೋಳನ್ನು ಸ್ಪ್ರಿಂಗಿನಂತೆ ಹಿಂದಕ್ಕೆ ದಬ್ಬುತ್ತವೆ. ಕಿವಿಗೆ ಹಾಕುವ ಹಳೆಯ ಇಯರ್‌ಫೋನಿನ ಎಳೆಗಳನ್ನು ಬಿಡಿಸಿ ಹಾಕಿದ ಮೇಲೆ ತೋಳು ನಾವು ಬಿಟ್ಟಲ್ಲಿ ನಿಂತಿತು.

ಒಂದೆರಡು ಗ್ರಾಮನ್ನು ತೂಗುವುದು ಹೇಗೆ? ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಈಗ ಎಲ್ಲೆಡೆ ದೊರೆಯುತ್ತದೆ. ಭಾವನವರದು ಬೇರೆ ದಾರಿ. ಹಳೆಯ ಅಲ್ಯೂಮಿನಿಯಂ 2 ಪೈಸೆ ನಾಣ್ಯ 1 ಗ್ರಾಂ, ಚೌಕದ 1 ಪೈಸೆ ಮುಕ್ಕಾಲು ಗ್ರಾಂ. ಅಡಿಪಟ್ಟಿಯ ನಡುವೆ ಸೂಜಿಯಿಟ್ಟು ಏತ ಮಾಡಿ, ಒಂದು ತುದಿಗೆ ಆ ಎರಡು ನಾಣ್ಯ, ಇನ್ನೊಂದು ತುದಿಗೆ ಮುಳ್ಳು. ಸಮವಾದಾಗ 1.75 ಗ್ರಾಂ. ಕಾರ್ಟ್ರಿಜ್‌ನವರು ಹೇಳಿದ ಭಾರವೂ ಅದೇ ಸುಮಾರಿನಲ್ಲಿತ್ತು. ಇದಕ್ಕಿಂತ ಬಹಳ ಕಡಿಮೆ ಮಾಡುವುದು ಜಾಣತನವಲ್ಲ. ಹಗುರಾದ ಮುಳ್ಳು ಸಾಲಿನಲ್ಲಿ ಹಿಡಿತ ತಪ್ಪಿ ಗೋಡೆಗೆ ಬಡಿಯುತ್ತದೆ, ಅದೂ ಗಾಯವೇ.

ಖರ್ಚಿನಲ್ಲಿ ದೊಡ್ಡ ಪಾಲು ಹೊಸ ಕಾರ್ಟ್ರಿಜ್‌ನದು. ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಉಳಿದುದೆಲ್ಲ ಚಿಲ್ಲರೆ.

ಪ್ಲೇಟುಗಳ ಬಗ್ಗೆಯೂ ಎರಡು ಮಾತು. ನಮ್ಮ ಮಳೆಗೆ ಬೂಷ್ಟು ಹಿಡಿಯದ ಪ್ಲೇಟಿಲ್ಲ. ಎಲ್.ಪಿ.ಯಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಸಾಲಿನ ಗುಂಟ ಒರೆಸಿ, ಬರಿಯ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಬಹುದು. ನಡುವಿನ ಕಾಗದ ಒದ್ದೆಯಾಗಬಾರದು. ಆದರೆ ಹಳೆಯ 78ರ ಪ್ಲೇಟುಗಳು ಅರಗಿನವು. ಅವಕ್ಕೆ ಸ್ಪಿರಿಟ್ ತಾಗಿಸಿದರೆ ಮೆರುಗೆಣ್ಣೆಯಂತೆ ಕರಗುತ್ತವೆ. ಅವುಗಳ ಸಾಲೂ ಅಗಲ, ಎಲ್.ಪಿ. ಮುಳ್ಳು ಅವಕ್ಕೆ ಹೊಂದದು, ಬೇರೆ ದಪ್ಪ ಮುಳ್ಳೇ ಬೇಕು. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಹೊಗೆಯಟ್ಟದ ಹತ್ತಿರ ಬೇಡ, ಬಾಗುತ್ತವೆ.

ತೋಳು ಮುಗಿಯಲು ನಮ್ಮ ಮೂರು ಪ್ರಯಾಣಗಳಾದವು. ಸಂಘದ ಕೆಲಸಕ್ಕೆಂದು ಹೋದಾಗ ಮಾಡಿದ್ದೇ ಹೊರತು ಸಂಘದ ಖರ್ಚಿನಲ್ಲಲ್ಲ ಎಂದು ಲೆಕ್ಕ ಪರಿಶೋಧಕರ ಗಮನಕ್ಕೆ ತರಬಯಸುತ್ತೇವೆ. ಮೂರನೆಯ ಸಲ ಸಂಜೆ ಅಕ್ಕ ದೀಪ ಹಚ್ಚಿದ ಮೇಲೆ ತಂದೆಯವರ ಪ್ಲೇಟನ್ನು ಹಾಕಿದೆವು. ತಾಯಿಯವರಿಗೆ ಮೊದಲೇ ಏನೂ ಹೇಳಿರಲಿಲ್ಲ. ಹೆಸರುಬೇಳೆ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ಕೇಳಿದರು. ಪ್ಲೇಟಿನ ಆರಂಭ ತಿಳಿನೀರಿನಂತೆ ಬಂತು. ಕೊನೆಯ ನಾಲ್ಕೈದು ನಿಮಿಷ ಮಾತ್ರ ಹಳೆಯ ಕರಕರ ಉಳಿದಿತ್ತು. ಏಳು ಗ್ರಾಂ ಭಾರ ವರ್ಷಗಟ್ಟಲೆ ಕೆರೆದು ತೆಗೆದದ್ದನ್ನು ಯಾವ ತೋಳೂ ಮರಳಿ ತುಂಬಲಾರದು.

ತಾಯಿಯವರು, "ಈಗ ಸರಿ ಕೇಳ್ತದೆ. ಕೊನೆಗೆ ಮಾತ್ರ ಸುಸ್ತಾದರು ಅಂತ ಕಾಣ್ತದೆ" ಎಂದು ಮತ್ತೆ ಮೊರ ಹತ್ತಿರ ಎಳೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಮೊದಲಿನಿಂದ ಇನ್ನೊಮ್ಮೆ ಹಾಕು ಎಂದರು. ಭಾವನವರು ಅರ್ಧಕ್ಕೇ ತೋಳನ್ನು ಎತ್ತಿದರು.

ನಮ್ಮ ಬಳಿ 2 ಪೈಸೆಯ ಒಂಬತ್ತು, 1 ಪೈಸೆಯ ಆರು ನಾಣ್ಯಗಳು ಒಂದು ಡಬ್ಬಿಯಲ್ಲಿವೆ. ಮನೆಯ ಪ್ಲೇಯರಿನ ಮುಳ್ಳಿನ ಭಾರ ನೋಡಬೇಕೆನ್ನುವ ಸದಸ್ಯರು ಸಂತೆಯ ದಿನ ಕಚೇರಿಗೆ ಬಂದು ಎರವಲು ಒಯ್ಯಬಹುದು. ರಸೀತಿ ಬೇಕಿಲ್ಲ, ಹಿಂದಕ್ಕೆ ತಂದುಕೊಟ್ಟರೆ ಸಾಕು.